ಮ್ಯಾಲಿನ ಝೀರೋ

ಭಾನುವಾರ ಬೆಳಿಗ್ಗೆ ಹನ್ನೊಂದು ಗಂಟೆ ಇಪ್ಪತ್ತು ನಿಮಿಷಕ್ಕೆ ಎಲ್ಲ ಕೆಡಲು ಶುರುವಾಯಿತು. ಆ ಹೊತ್ತಿನ ಕರೆಯ ದಾಖಲೆ ನನ್ನ ತಮ್ಮ ಮಲ್ಲಿಕಾರ್ಜುನನ ಫೋನಿನಲ್ಲಿ ಇನ್ನೂ ಉಳಿದಿದೆ. ಅವನು ಅಳಿಸಲು ಹೋದಾಗ ನಾನೇ ಬಿಡಲಿಲ್ಲ. ಚಿತ್ತಾಪುರದಲ್ಲಿ ಅವನ ಮನೆಯ ಹಿತ್ತಲಿನ ಶೆಡ್ಡಿನಲ್ಲಿ ನಾವಿಬ್ಬರೂ ನಿಂತಿದ್ದೆವು. ಫೋನು ಸ್ಪೀಕರಿನಲ್ಲಿತ್ತು. ಆಚೆ ಕಡೆ ಇದ್ದವನು ಸೇಡಂನಲ್ಲಿ ಕಂಪ್ಯೂಟರ್ ಅಂಗಡಿ ನಡೆಸುವ ವೀರೇಶ.

"ವೀರೇಶ, ಝೀರೋ ಯಾವ್ದು ತಗೋಬೇಕು?" ಅಂತ ಮಲ್ಲು ಕೇಳಿದ.

"ಮ್ಯಾಲಿಂದು ತಗೋರಿ ಸರ್."

"ಮ್ಯಾಲಿಂದಾ?"

"ಹೌದ್ರಿ, ಮ್ಯಾಲಿಂದೇ. ಏನೂ ಆಗಂಗಿಲ್ಲ, ಬಿಂದಾಸ್ ಒತ್ರಿ."

ಮಲ್ಲು ಮೇಲಿನದನ್ನೇ ಒತ್ತಿದ. ಆಮೇಲಿನ ಕೆಲವೇ ಕ್ಷಣಗಳಲ್ಲಿ ಅವನ ಬಲಗಣ್ಣು ಹೋಗುವುದರಲ್ಲಿತ್ತು. ಅದು ಹೋಯಿತೋ ಉಳಿಯಿತೋ ಎಂದು ಗೊತ್ತಾಗುವ ತನಕ ನಾನು ಒಂದು ರಾತ್ರಿಯೂ ಸರಿಯಾಗಿ ಮಲಗಲಿಲ್ಲ. ಇದನ್ನು ಈಗ ಬರೆಯುವುದಕ್ಕೆ ಕಾರಣ ಸಿಟ್ಟು. ಮನೆಯಲ್ಲೇ ನಾಲ್ಕು ಅಕ್ಷದ, ಐದು ಅಕ್ಷದ, ಅಂದರೆ ಅಷ್ಟು ಬಗೆಯಲ್ಲಿ ಸರಿಯುವ, ತಿರುಗುವ ಕೆತ್ತನೆ ಯಂತ್ರ ಇಟ್ಟುಕೊಂಡು, ಅದಕ್ಕೆ ಅಗ್ಗದ ಸಾಫ್ಟ್‌ವೇರ್ ಹುಡುಕುವವರು ಈಗ ನಮ್ಮ ಕಡೆಯೂ ಹೆಚ್ಚುತ್ತಿದ್ದಾರೆ. ಇದು ಅವರಿಗಾಗಿ, ಮತ್ತು ಈ ವೃತ್ತಿಗೆ ಈಗಷ್ಟೇ ಕಾಲಿಡುತ್ತಿರುವ ಹುಡುಗ ಹುಡುಗಿಯರಿಗಾಗಿ.

ನಾನು ಮೆಕ್ಯಾನಿಕಲ್ ಇಂಜಿನಿಯರಿಂಗ್ ಓದಿದವಳು. ವಾಡಿಯ ಒಂದು ಸಿಮೆಂಟ್ ಕಾರ್ಖಾನೆಯ ರಿಪೇರಿ ವರ್ಕ್‌ಶಾಪಿನಲ್ಲಿ ನಿವೃತ್ತಿಯ ತನಕ ದುಡಿದೆ. ಯಾವ ಹುದ್ದೆಯಿಂದ ಯಾವ ಹುದ್ದೆಗೆ ಹೋದೆ ಎಂಬುದು ಇಲ್ಲಿ ಬೇಡ. ಯಂತ್ರಕ್ಕೆ ಪ್ರೋಗ್ರಾಂ ಬರೆಯುವುದು ನನ್ನ ಕೆಲಸವಾಗಿತ್ತು. ಉಪಕರಣ ಎಲ್ಲಿಗೆ ಹೋಗಬೇಕು, ಎಷ್ಟು ಕೆಳಗಿಳಿಯಬೇಕು, ಎಷ್ಟು ವೇಗದಲ್ಲಿ ಓಡಬೇಕು ಎಂದು ಅಕ್ಷರ, ಅಂಕಿಗಳಲ್ಲಿ ಹೇಳುವುದು. ಇದಕ್ಕೆ ಜಿ-ಕೋಡ್ ಅನ್ನುತ್ತಾರೆ. ಮೊದಲು ಅದನ್ನು ಕೈಯಲ್ಲೇ ಬರೆದು, ಯಂತ್ರದ ಗುಂಡಿಗಳನ್ನು ಒತ್ತಿ ಸಾಲು ಸಾಲಾಗಿ ಸೇರಿಸುತ್ತಿದ್ದೆವು. ಮಧ್ಯಾಹ್ನದ ಊಟಕ್ಕೆ ಹೋಗಿ ಬರುವಷ್ಟರಲ್ಲಿ ಕೀಲಿಗಳ ಮೇಲೆ ಸಿಮೆಂಟಿನ ಧೂಳು ಕೂತಿರುತ್ತಿತ್ತು. ಊದಿ ಒರೆಸಿ ಮತ್ತೆ ಶುರು ಮಾಡಬೇಕು.

ಆ ಯಂತ್ರಕ್ಕೆ ಒಂದು ಕೆಟ್ಟ ಗುಣವಿತ್ತು. ಐವತ್ತು ಎಂದು ಬರೆದು ಮುಂದೆ ದಶಾಂಶ ಬಿಂದು ಇಟ್ಟರೆ ಐವತ್ತು ಮಿಲಿಮೀಟರ್. ಬಿಂದು ಮರೆತರೆ ಕಾಗದದ ದಪ್ಪಕ್ಕಿಂತ ಕಡಿಮೆ. ಒಮ್ಮೆ ಎರಡನೆಯ ಪಾಳಿಯ ಅಂಬಣ್ಣ ಎಂಬ ಆಪರೇಟರ್ ಒಂದು ಬಿಂದು ಬಿಟ್ಟ. ಐವತ್ತು ಮಿಲಿಮೀಟರ್ ಮೇಲಕ್ಕೆ ಎದ್ದು ದಾಟಬೇಕಾದ ಉಪಕರಣ ಏಳಲೇ ಇಲ್ಲ. ಹಾಗೇ ಅಡ್ಡ ಹಾಯ್ದು, ಲೋಹದ ತುಂಡನ್ನು ಹಿಡಿದಿದ್ದ ಕ್ಲ್ಯಾಂಪಿಗೆ ಬಡಿಯಿತು. ಕ್ಲ್ಯಾಂಪು ಹಾರಿ ತಗಡಿನ ಗೋಡೆಯನ್ನು ತೂರಿಕೊಂಡು ಆಚೆ ಬಿತ್ತು. ಅಂಬಣ್ಣ ತಂಬಾಕು ತಿಕ್ಕಲು ಪಕ್ಕಕ್ಕೆ ಸರಿದಿದ್ದ, ಹಾಗಾಗಿ ಬದುಕಿದ.

ವಿಚಾರಣೆಗೆ ನಮ್ಮ ಮುಖ್ಯ ಇಂಜಿನಿಯರ್ ಬಂದರು. ದೊಡ್ಡ ಸಾಹೇಬರು ಎಂದೇ ಕರೆಯುತ್ತಿದ್ದೆವು. ಹೊಸ ಪ್ರೋಗ್ರಾಂ ಯಾವುದೇ ಇರಲಿ, ಮೊದಲು ತುಂಡು ಕಟ್ಟದೆ, ಉಪಕರಣವನ್ನು ಎತ್ತರದಲ್ಲಿಟ್ಟು ಖಾಲಿ ಗಾಳಿಯಲ್ಲಿ ಓಡಿಸಿ ನೋಡಲು ಅಪ್ಪಣೆ ಕೊಡಿ ಅಂತ ಕೇಳಿದೆ.

"ಗಾಳ್ಯಾಗ ಓಡ್ಸೂದಾ?" ಅಂದರು. "ಆ ಹೊತ್ತಿನ ಪಗಾರ ಗಾಳಿ ಕೊಡ್ತದೇನಮ್ಮ?"

ಸುತ್ತ ನಿಂತಿದ್ದವರು ನಕ್ಕರು. ಅಂಬಣ್ಣನೂ ನಕ್ಕ. ವರದಿಯಲ್ಲಿ ಆಪರೇಟರ್‌ನ ಅಜಾಗರೂಕತೆ ಎಂದು ಬರೆದು ಮುಗಿಸಿದರು. ಒಂದು ಚುಕ್ಕೆ ಬಿಟ್ಟುಹೋದರೆ ಮನುಷ್ಯ ಸಾಯುವಂಥ ಪದ್ಧತಿಯನ್ನು ಯಾಕೆ ಇಟ್ಟುಕೊಂಡಿದ್ದೀರಿ ಎಂದು ಯಾರೂ ಕೇಳಲಿಲ್ಲ. ನಾನು ಕೇಳಿದ್ದು ಆ ವರದಿಯಲ್ಲಿ ಬರಲಿಲ್ಲ.

ಆಮೇಲೆ ನಾವು ಕಳ್ಳತನದಲ್ಲಿ ಒಂದು ಉಪಾಯ ಮಾಡಿಕೊಂಡೆವು. ಸಾಹೇಬರು ರೌಂಡಿಗೆ ಬರುವ ಮೊದಲು ಉಪಕರಣದ ಜಾಗದಲ್ಲಿ ಒಂದು ಬಾಲ್‌ಪೆನ್ ಕಟ್ಟಿ, ಕೆಳಗೆ ಹಳೆಯ ಪೇಪರ್ ಹಾಸಿ, ಪ್ರೋಗ್ರಾಂ ಓಡಿಸುವುದು. ಯಂತ್ರ ತಾನು ಮಾಡಲಿರುವುದನ್ನು ಚಿತ್ರ ಬಿಡಿಸಿ ತೋರಿಸುತ್ತಿತ್ತು. ಪೆನ್ನು ಪೇಪರ್ ಬಿಟ್ಟು ಆಚೆ ಹೋದರೆ ಲೆಕ್ಕ ತಪ್ಪಿದೆ ಅಂತ ಅರ್ಥ. ಎಷ್ಟೋ ಬಾರಿ ಹಾಗೆ ಹೋಗಿದೆ. ನಮ್ಮ ವರ್ಕ್‌ಶಾಪಿನಲ್ಲಿ ಇದಕ್ಕೆ "ಪೆನ್ನು ಕಟ್ಟೋದು" ಅಂತಲೇ ಹೆಸರಾಯಿತು. ಹೊಸಬರು ಬಂದರೆ, "ಪೆನ್ ಕಟ್ಟೀರೇನ್ರಿ?" ಅಂತ ಕೇಳದೆ ಅವರಿಗೆ ಯಂತ್ರ ಶುರುಮಾಡುವ ಹಸಿರು ಗುಂಡಿ ಒತ್ತಲು ಬಿಡುತ್ತಿರಲಿಲ್ಲ.

ನಂತರ ಕಂಪ್ಯೂಟರ್ ಬಂತು. ತೆರೆಯ ಮೇಲೆ ಆಕಾರ ಬಿಡಿಸಿದರೆ ಸಾಕು, ಜಿ-ಕೋಡನ್ನು ಸಾಫ್ಟ್‌ವೇರೇ ಬರೆಯುತ್ತದೆ. ಒಳ್ಳೆಯದೇ ಆಯಿತು, ಚುಕ್ಕೆ ಮರೆಯುವ ಭಯ ಹೋಯಿತು. ಜೊತೆಗೆ ಓದುವ ಅಭ್ಯಾಸವೂ ಹೋಯಿತು. ತೆರೆಯ ಮೇಲೆ ಬಣ್ಣದ ಚಿತ್ರ ಸರಿಯಾಗಿ ತಿರುಗಿದರೆ ಯಂತ್ರವೂ ಸರಿಯಾಗಿಯೇ ತಿರುಗುತ್ತದೆ ಎಂದು ಜನ ನಂಬಿದರು. ಆ ಚಿತ್ರ ಸಾಫ್ಟ್‌ವೇರಿನ ಮನಸ್ಸಿನಲ್ಲಿರುವುದು. ನಿಮ್ಮ ಯಂತ್ರಕ್ಕೆ ಹೋಗುವುದು ಬೇರೆ. ನಡುವೆ ಪೋಸ್ಟ್ ಎಂಬ ಒಂದು ಚಿಕ್ಕ ಫೈಲು ಕೂತಿರುತ್ತದೆ. ಸಾಫ್ಟ್‌ವೇರಿನ ಮಾತನ್ನು ನಿಮ್ಮ ಯಂತ್ರದ ಭಾಷೆಗೆ ತಿರುಗಿಸುವ ದುಭಾಷಿ ಅದು. ಅದು ಬೇರೆ ಯಾವುದೋ ಯಂತ್ರದ ದುಭಾಷಿಯಾಗಿದ್ದರೆ ಚಿತ್ರ ಎಷ್ಟು ಚಂದ ಇದ್ದರೂ ಪ್ರಯೋಜನವಿಲ್ಲ.

ನಿವೃತ್ತಿಯಾದ ಮೇಲೆ ಶಹಾಬಾದಿನ ಒಬ್ಬ ಕಲ್ಲಿನ ವ್ಯಾಪಾರಿ ನನ್ನನ್ನು ಕರೆಸಿದ್ದರು. ಹಾಸುಗಲ್ಲು ಮಾರುತ್ತಿದ್ದವರು ಕಲ್ಲಿನ ಕಂಬ ಕೆತ್ತಲು ತಿರುಗುವ ಅಕ್ಷದ ಯಂತ್ರ ತರಿಸಿದ್ದರು. ಕಂಬಕ್ಕೆ ಹುರಿ ಹಗ್ಗದಂತೆ ಸುತ್ತು ಬರಬೇಕು. ಕೆತ್ತನೆ ಚೆನ್ನಾಗಿಯೇ ಬಂತು. ಕೊನೆಯ ಸಾಲಿನಲ್ಲಿ ಪೋಸ್ಟ್ "ಸೊನ್ನೆ ಡಿಗ್ರಿಗೆ ಮರಳು" ಎಂದು ಬರೆದಿತ್ತು. ಕಂಬ ಎಷ್ಟು ಸುತ್ತು ತಿರುಗಿತ್ತೋ ಅಷ್ಟೂ ಸುತ್ತನ್ನು ಪೂರ್ತಿ ವೇಗದಲ್ಲಿ ಹಿಂದಕ್ಕೆ ಬಿಚ್ಚತೊಡಗಿತು. ಕಂಬದ ಮೇಲೆ ಬಿದ್ದಿದ್ದ ನೀರಿನ ಪೈಪು ಸುತ್ತಿಕೊಂಡು ನಲ್ಲಿಯನ್ನೇ ಕಿತ್ತುಕೊಂಡು ಬಂತು. ನಾವೆಲ್ಲ ತೊಯ್ದು ತೊಪ್ಪೆಯಾದೆವು.

"ಚಿತ್ರದಾಗ ಹಿಂಗ ತೋರಿಸ್ಲಿಲ್ಲಲ್ರಿ ಮೇಡಂ," ಅಂದರು ಆ ಸಾಹುಕಾರರು.

"ಸಾಫ್ಟ್‌ವೇರ್ ಎಲ್ಲಿಂದ ತಂದ್ರಿ?"

"ನಮ್ಮ ಪರಿಚಯದವ್ರು ಹಾಕಿಕೊಟ್ರು. ಅಸಲಿದು ಭಾಳ ದುಬಾರಿ ಅದಂತ. ನಮಗ ಹಂಗೇ ಸಿಕ್ತು."

ಅವತ್ತು ನಕ್ಕು ಬಂದೆ. ಪೈಪಿನ ಜಾಗದಲ್ಲಿ ಯಾರದಾದರೂ ಸೀರೆಯ ಸೆರಗೋ ಶಾಲೋ ಇದ್ದಿದ್ದರೆ ಎಂದು ಈಗ ಅನಿಸುತ್ತದೆ.

ಇನ್ನು ಮಲ್ಲುವಿನ ವಿಷಯ. ಅವನು ರೈಲ್ವೆಯಲ್ಲಿ ಬುಕಿಂಗ್ ಕ್ಲರ್ಕ್ ಆಗಿದ್ದವನು. ನಿವೃತ್ತಿಯಾದ ಮೇಲೆ ಮರಗೆಲಸದ ಹುಚ್ಚು ಹತ್ತಿತು. ಬಿಡಿಭಾಗಗಳನ್ನು ತರಿಸಿ, ವಿಡಿಯೋ ನೋಡಿ ನೋಡಿ, ಒಂದು ಚಿಕ್ಕ ಸಿಎನ್‌ಸಿ ರೌಟರ್ ಜೋಡಿಸಿದ. ಅದು ಪ್ರೋಗ್ರಾಂ ಹೇಳಿದಂತೆ ಮರವನ್ನು ತಿರುಗಿಸಿ ತಿರುಗಿಸಿ ಸುತ್ತಲೂ ಕೆತ್ತುವ ಯಂತ್ರ. ದೇವರ ಕೋಣೆಯ ಜಗಲಿಯ ಮೇಲಿನ ಮಂಟಪಕ್ಕೆ ನಾಲ್ಕು ಹುರಿಗಂಬ ಮಾಡಬೇಕೆಂದು ಚಿಂಚೋಳಿ ಕಡೆಯಿಂದ ಹಳೆಯ ಸಾಗವಾನಿ ತೊಲೆ ತಂದಿಟ್ಟಿದ್ದ. ಮೊದಲನೆಯ ಕಂಬವನ್ನು ಒಂದು ಉಚಿತ ಸಾಫ್ಟ್‌ವೇರಿನಲ್ಲಿ ಮಾಡಿದ. ನಿಧಾನ, ನೋಡಲು ಚಂದವಿಲ್ಲ, ತೆರೆ ಬೂದುಬಣ್ಣದ್ದು. ಕಂಬ ಮಾತ್ರ ಕೆಟ್ಟಿರಲಿಲ್ಲ.

ಅದನ್ನೇ ಇಟ್ಟುಕೊ ಅಂದೆ. ಕೇಳಲಿಲ್ಲ. ವೀರೇಶ ಒಂದು ದೊಡ್ಡ ಸಾಫ್ಟ್‌ವೇರಿನ ಬೀಗ ಒಡೆದ ಕಳ್ಳ ಪ್ರತಿಯನ್ನು ಪೆನ್‌ಡ್ರೈವಿನಲ್ಲಿ ತಂದುಕೊಟ್ಟಿದ್ದ. ಐದು ಅಕ್ಷ ಮಾಡುತ್ತದೆ, ಜೀವಮಾನ ಪೂರ್ತಿ ನಡೆಯುತ್ತದೆ, ಎಲ್ಲ ಯಂತ್ರಕ್ಕೂ ಒಂದೇ ಪೋಸ್ಟ್ ಸಾಕು ಅಂತ ಹೇಳಿದ್ದ.

"ನಿನ್ನ ಮಶೀನಿಗಿ ಇರೋದು ನಾಕೇ ಅಕ್ಷ, ಐದನೇದು ಎಲ್ಲಿ ಕಟ್ತೀದಿ? ಟೊಂಕಕ್ಕಾ?" ಅಂತ ಕೇಳಿದೆ.

"ಮುಂದ ಬೇಕಾಗ್ತದಕ್ಕಾ. ನೀ ಬರೇ ಫ್ಯಾಕ್ಟರಿ ಲೆಕ್ಕ ಹೇಳ್ತಿ. ಇದು ಹವ್ಯಾಸದ್ದು, ಸಣ್ಣ ಮಶೀನ್."

ಹವ್ಯಾಸ ಎಂಬ ಈ ಮಾತಿನ ಮೇಲೆ ನನಗೆ ಬಂದಿರುವ ಸಿಟ್ಟು ಇನ್ನೂ ಇಳಿದಿಲ್ಲ. ನಿಮಿಷಕ್ಕೆ ಸಾವಿರಾರು ಸುತ್ತು ತಿರುಗುವ ಬಿಟ್‌ಗೆ, ಆ ಕೆತ್ತುವ ಮೊನೆಗೆ, ತಾನು ಹವ್ಯಾಸಕ್ಕೆ ತಿರುಗುತ್ತಿದ್ದೇನೋ ಪಗಾರಕ್ಕೋ ಹೇಗೆ ಗೊತ್ತಾಗಬೇಕು? ಕಾರ್ಖಾನೆಯಲ್ಲಾದರೂ ಯಂತ್ರಕ್ಕೆ ಬಾಗಿಲಿರುತ್ತದೆ, ಗಾಜಿರುತ್ತದೆ. ಮನೆಯ ಶೆಡ್ಡಿನಲ್ಲಿ ಯಂತ್ರಕ್ಕೂ ಮುಖಕ್ಕೂ ನಡುವೆ ಏನೂ ಇರುವುದಿಲ್ಲ.

ಆ ಭಾನುವಾರ ಏನಾಯಿತೆಂದು ಬಿಡಿಸಿ ಹೇಳುತ್ತೇನೆ. ಮರವನ್ನು ತಿರುಗಿಸಿ ಕೆತ್ತುವಾಗ ಎತ್ತರದ ಸೊನ್ನೆಯನ್ನು, ಅಂದರೆ ಎತ್ತರ ಅಳೆಯಲು ಶುರುಮಾಡುವ ಜಾಗವನ್ನು, ಎರಡು ಕಡೆ ಇಡಬಹುದು. ಮರದ ಮೇಲ್ಮೈಯಲ್ಲಿ ಇಡಬಹುದು, ಇಲ್ಲವೇ ಮರ ಯಾವ ನಡುಗೆರೆಯ ಸುತ್ತ ತಿರುಗುತ್ತದೋ ಅಲ್ಲಿ ಇಡಬಹುದು. ಎರಡೂ ಸರಿ. ಆದರೆ ಪ್ರೋಗ್ರಾಮೂ ಯಂತ್ರವೂ ಒಂದೇ ಸೊನ್ನೆಯನ್ನು ನಂಬಿರಬೇಕು. ಮಲ್ಲು ತನ್ನ ಯಂತ್ರದ ಪರದೆಯಲ್ಲಿ ಎರಡು ಸೊನ್ನೆಗಳನ್ನು ಉಳಿಸಿಟ್ಟಿದ್ದ. ಮೇಲಿನ ಸಾಲಿನಲ್ಲಿ ನಡುಗೆರೆಯದು, ಕೆಳಗಿನ ಸಾಲಿನಲ್ಲಿ ಮೇಲ್ಮೈಯದು.

ವೀರೇಶನ ಸಾಫ್ಟ್‌ವೇರ್ ಮೇಲ್ಮೈಯನ್ನು ಸೊನ್ನೆಯೆಂದು ಹಿಡಿದಿತ್ತು. "ಮ್ಯಾಲಿಂದು ತಗೋರಿ" ಎಂದು ಅವನು ಅಂದದ್ದು ಮರದ ಮೇಲಿನದನ್ನು. ಮಲ್ಲು ತೆಗೆದುಕೊಂಡದ್ದು ಪರದೆಯ ಮೇಲಿನ ಸಾಲನ್ನು.

ನಾನು ಪಕ್ಕದಲ್ಲೇ ನಿಂತು ಆ ಮಾತನ್ನು ಕೇಳಿದೆ. "ಮಲ್ಲು, ಮೊದಲ ಗಾಳ್ಯಾಗ ಒಂದ್ಸಲ ಓಡ್ಸು," ಅಂದೆ. "ಅಕ್ಕಾ, ನೀ ಸುಮ್ಕ ಕುಂದ್ರು. ಅಂವ ದಿನಾ ಇದೇ ಮಾಡ್ತಾನ," ಅಂದ. ಯಂತ್ರ ನಿಲ್ಲಿಸುವ ಕೆಂಪು ಗುಂಡಿ ಅವನ ಎಡಗೈಗೆ ಸಿಗುವಂತಿತ್ತು, ನನ್ನಿಂದ ದೂರ. ಅವನು ಹಸಿರು ಒತ್ತಿ, ಬಿಟ್ ಎಲ್ಲಿ ಇಳಿಯುತ್ತದೆಂದು ನೋಡಲು ಬಾಗಿದ. ಮರದಿಂದ ಒಂದಿಷ್ಟು ಮೇಲೆ ನಿಲ್ಲಬೇಕಾದ ಬಿಟ್, ನಡುಗೆರೆಯಿಂದ ಅಷ್ಟೇ ಮೇಲೆ ನಿಲ್ಲಲು ಹೊರಟಿತು. ಆ ಜಾಗ ಮರದ ಹೊಟ್ಟೆಯೊಳಗಿತ್ತು. ಪೂರ್ತಿ ವೇಗದಲ್ಲಿ ಸಾಗವಾನಿಯೊಳಗೆ ನುಗ್ಗಿತು. ಮರ ತನ್ನನ್ನು ಹಿಡಿದಿದ್ದ ಚಕ್ಕಿನಿಂದ ಕಿತ್ತುಕೊಂಡು ಹಾರಿ ನನ್ನ ಮೊಣಕಾಲಿಗೆ ತಾಗಿ ಬಿತ್ತು. ಬಿಟ್ ಗಾಜಿನಂತೆ ಒಡೆಯಿತು. ಮಲ್ಲು ಎರಡೂ ಕೈ ಮುಖಕ್ಕೆ ಒತ್ತಿಕೊಂಡು, "ಅಕ್ಕಾ, ಲೈಟ್ ಹೋತೇನು?" ಅಂತ ಕೇಳಿದ.

ಶೆಡ್ಡಿನ ತುಂಬ ಹನ್ನೊಂದೂವರೆಯ ಬಿಸಿಲಿತ್ತು.

ಬೀಗ ಹಾಕದ ಮನೆಯನ್ನು ಹಾಗೇ ಬಿಟ್ಟು, ಅವನ ಹೆಂಡತಿ ಶಾಂತಾ ಮತ್ತು ನಾನು ಅವನನ್ನು ಪಕ್ಕದ ಮನೆಯವರ ಕಾರಿನಲ್ಲಿ ಕಲಬುರಗಿಗೆ ಕರೆದೊಯ್ದೆವು. ಬಿಟ್ಟಿನ ಚೂರು ಕಣ್ಣಿನ ಗುಡ್ಡೆಯೊಳಗೆ ಹೊಕ್ಕಿತ್ತು. ಆಪರೇಷನ್ ಮಾಡಿ ತೆಗೆದರು. ದೃಷ್ಟಿ ಬರುತ್ತದೋ ಇಲ್ಲವೋ ಈಗಲೇ ಹೇಳಲಾಗದು, ಕಾಯಬೇಕು ಎಂದರು ಡಾಕ್ಟರು. ಕಾಯುವ ಆ ದಿನಗಳಲ್ಲಿ ನಾನು ಅವರ ಮನೆಯಲ್ಲೇ ಉಳಿದೆ. ಕಣ್ಣು ಮುಚ್ಚಿದರೆ ಬಿಟ್ ಇಳಿಯುತ್ತಿತ್ತು. ಪ್ರತಿ ಸಲ ನಾನು ಕೆಂಪು ಗುಂಡಿಗೆ ಕೈ ಚಾಚುತ್ತಿದ್ದೆ, ಪ್ರತಿ ಸಲ ಅದು ಅಷ್ಟೇ ದೂರ ಇರುತ್ತಿತ್ತು.

ತಡೆಯಲಾರದೆ ಒಂದು ದಿನ ಬಸ್ಸು ಹತ್ತಿ ಸೇಡಂಗೆ ಹೋದೆ. ವೀರೇಶ ಎದ್ದು ನಿಂತು ಕುರ್ಚಿ ಕೊಟ್ಟ.

"ಕುಂದ್ರಿ ಮೇಡಂ. ಸರ್‌ಗ ಹೆಂಗದ್ರಿ? ಭಾಳ ಕೆಟ್ಟ ಅನಿಸ್ತು ನನಗ."

"ನಿನ್ನ ಸಾಫ್ಟ್‌ವೇರ್‌ದಾಗ ಝೀರೋ ನಡುಗೆರಿಗಿ ಇಡ್ಲಿಕ್ಕ ಬರ್ತದೇನು? ತೋರ್ಸು."

ಮೌಸು ಹಿಡಿದು ಒಂದು ಮೆನು ತೆರೆದ, ಮುಚ್ಚಿದ, ಇನ್ನೊಂದು ತೆರೆದ. ಸಿಗಲಿಲ್ಲ. ಕೊನೆಗೆ, "ನಾ ತಿರುಗೋ ಮಶೀನ್ ಮ್ಯಾಲ ಎಂದೂ ಕೆಲಸ ಮಾಡಿಲ್ರಿ. ಬರೇ ಬೋರ್ಡ್ ಕೆತ್ತೋರಿಗಿ ಹಾಕಿಕೊಡ್ತೀನಿ," ಅಂದ.

"ಮತ್ತ ದಿನಾ ಮಾಡೋವ್ನಂಗ ಫೋನಿನ್ಯಾಗ ಹೇಳಿದಿ?"

"ನಾ ಮ್ಯಾಲಿಂದು ಅಂದೆ, ಸರ್ ಮ್ಯಾಲಿಂದೇ ಒತ್ಯಾರ. ಇದ್ರಾಗ ನಂದೇನ್ ತಪ್ಪದ ಹೇಳ್ರಿ."

ಅವನ ಕಪಾಳಕ್ಕೆ ಹೊಡೆಯಬೇಕೆನಿಸಿತು, ಹೊಡೆಯಲಿಲ್ಲ. ಅವನು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ಅದೇ ನನ್ನನ್ನು ಹೆಚ್ಚು ಸುಟ್ಟಿದ್ದು. ಅವನ ಮಾತು ಸರಿ, ಮಲ್ಲು ಒತ್ತಿದ್ದೂ ಸರಿ, ಕಣ್ಣು ಮಾತ್ರ ಹೋಗುವುದರಲ್ಲಿತ್ತು. ಬೀಗ ಒಡೆದ ಸಾಫ್ಟ್‌ವೇರಿಗೆ ಕೈಪಿಡಿ ಇರುವುದಿಲ್ಲ, ಫೋನ್ ಎತ್ತಿ ಉತ್ತರ ಹೇಳುವ ಕಂಪನಿ ಇರುವುದಿಲ್ಲ. ಇರುವುದು ವೀರೇಶನಂಥವರ ಬಾಯಿ ಮಾತು ಒಂದೇ. ಪುಕ್ಕಟೆ ಸಿಕ್ಕಿತೆಂದು ಹಿಗ್ಗುವವರೇ, ನೀವು ಯಂತ್ರದ ಮೇಲೆ ಬಾಗಿ ನೋಡುವಾಗ ನಂಬಿರುವುದು ಆ ಬಾಯಿ ಮಾತನ್ನು.

ಆಸ್ಪತ್ರೆಯಿಂದ ಬಂದ ಮಲ್ಲು ಒಂದು ಕಣ್ಣಿಗೆ ಪಟ್ಟಿ ಕಟ್ಟಿಕೊಂಡೇ ಶೆಡ್ಡಿನ ಕಡೆ ನೋಡತೊಡಗಿದ.

"ಗುಜರಿಗಿ ಹಾಕ್ತೀನಿ ಅದನ್ನ," ಅಂದಳು ಶಾಂತಾ.

"ಹಾಕಿದ್ರ ಇನ್ನೊಂದು ತರ್ತೀನಿ."

"ತರ್ರಿ. ಅದರ ಮುಂದ ನಾ ಮಲಗ್ತೀನಿ, ನನ್ನ ಮ್ಯಾಲೇ ಕೆತ್ರಿ ಹುರಿಗಂಬ."

ಕೊನೆಗೆ ಇಬ್ಬರೂ ನನ್ನ ಕಡೆ ತಿರುಗಿದರು. ಸಾಫ್ಟ್‌ವೇರ್ ಆರಿಸುವ ಕೆಲಸ ನನ್ನ ಪಾಲಿಗೆ ಬಂತು. ನಾನು ಮಾಡಿದ್ದನ್ನು ಹೇಳುತ್ತೇನೆ, ನಿಮ್ಮ ಯಂತ್ರಕ್ಕೆ ಹೊಂದಿಸಿಕೊಳ್ಳಿ.

ಅಕ್ಷ ಎಷ್ಟು ಎಂದು ಕೇಳುವುದನ್ನು ಮೊದಲು ಬಿಟ್ಟೆ. ಐದು ಅಕ್ಷ ಒಟ್ಟಿಗೆ ಓಡಿಸುವ ಸಾಫ್ಟ್‌ವೇರ್ ಹುರಿಗಂಬಕ್ಕೆ ಬೇಕಿಲ್ಲ. ಮಲ್ಲುವಿನ ಯಂತ್ರವನ್ನು ನಡೆಸುವ ಕಂಟ್ರೋಲರಿಗೇ ಬರೆದ ಪೋಸ್ಟ್ ಇದೆಯೇ ಎಂದು ಮಾರುವವರನ್ನು ಕೇಳಿದೆ. "ಯಾವುದಾದರೂ ಒಂದು ಹೊಂದುತ್ತದೆ" ಅಂದವರನ್ನು ಅಲ್ಲಿಗೇ ಕೈಬಿಟ್ಟೆ. ತಿರುಗುವ ಕೆಲಸಕ್ಕೆ ಸೊನ್ನೆಯನ್ನು ಎಲ್ಲಿ ಹಿಡಿಯುತ್ತದೆ, ಅದನ್ನು ಎಲ್ಲಿ ತೋರಿಸುತ್ತದೆ ಎಂದು ಕೇಳಿದೆ. ಹವ್ಯಾಸಿಗಳಿಗೆ ಉಚಿತ ಎಂದು ಹೇಳಿಕೊಳ್ಳುವ ಒಂದರಲ್ಲಿ ನಾಲ್ಕನೆಯ ಅಕ್ಷಕ್ಕೇ ಬೀಗವಿತ್ತು, ಅದು ಗೊತ್ತಾಗಿದ್ದು ಚಿತ್ರವೆಲ್ಲ ಬಿಡಿಸಿದ ಮೇಲೆ. ಇನ್ನೊಂದು ತಿಂಗಳ ಬಾಡಿಗೆಯದು, ಬಾಡಿಗೆ ನಿಲ್ಲಿಸಿದರೆ ನಮ್ಮ ಕಂಬದ ಚಿತ್ರವನ್ನು ನಮಗೇ ತೆರೆಯಲು ಬಿಡುವುದಿಲ್ಲ. ಮೊದಲು ಮಲ್ಲು ಬಳಸಿದ್ದ ಬೂದುಬಣ್ಣದ್ದು ಕೆಟ್ಟದ್ದಲ್ಲ. ಆದರೆ ಮರ ಕತ್ತರಿಸುವ ಮುನ್ನ ಇಡೀ ಯಂತ್ರವನ್ನು ತೆರೆಯ ಮೇಲೆ ಓಡಿಸಿ ತೋರಿಸುವ ಶಕ್ತಿ ಅದಕ್ಕಿರಲಿಲ್ಲ, ಅದು ನನಗೆ ಬೇಕಾಗಿತ್ತು.

ಕೊನೆಗೆ ಆರಿಸಿದ್ದು ಒಂದೇ ಸಲ ಕೊಂಡು ಇಟ್ಟುಕೊಳ್ಳುವ ಒಂದು ಸಾದಾ ಸಾಫ್ಟ್‌ವೇರನ್ನು. ಐದು ಅಕ್ಷ ಅದಕ್ಕೆ ಬರುವುದಿಲ್ಲ. ಅದರ ಪೋಸ್ಟ್ ಫೈಲನ್ನು ತೆರೆದು ಓದಬಹುದು, ತಿದ್ದಬಹುದು. ಕೂತು ತಿದ್ದಿದೆ. ಈಗ ಅದು ಬರೆಯುವ ಪ್ರತಿ ಪ್ರೋಗ್ರಾಮಿನ ತಲೆಯ ಮೇಲೆ "ಝೀರೋ ಮರದ ನಡುಗೆರೆಯಲ್ಲಿ" ಎಂದು ಇಂಗ್ಲಿಷ್ ಅಕ್ಷರಗಳಲ್ಲಿ ಕನ್ನಡದ ಮಾತು ಬರುತ್ತದೆ, ಮತ್ತು ಯಂತ್ರ ಅಲ್ಲೇ ನಿಂತು, ಮನುಷ್ಯ ಇನ್ನೊಮ್ಮೆ ಗುಂಡಿ ಒತ್ತುವ ತನಕ ಕಾಯುತ್ತದೆ. ಯಂತ್ರದ ಪರದೆಯಲ್ಲಿದ್ದ ಎರಡನೆಯ ಸೊನ್ನೆಯನ್ನು ಅಳಿಸಿಹಾಕಿದೆ. ಮೇಲಿನದು, ಕೆಳಗಿನದು ಎಂಬ ಮಾತೇ ಆ ಶೆಡ್ಡಿನಲ್ಲಿ ಬೇಡ ಎಂದೆ.

ಶಾಂತಾ ಒಂದೇ ಒಂದು ಷರತ್ತು ಹಾಕಿದಳು. ಯಂತ್ರ ಓಡುವಷ್ಟು ಹೊತ್ತೂ ಕೆಂಪು ಗುಂಡಿಯ ಮೇಲೆ ತನ್ನ ಕೈ ಇರಬೇಕು. ಮೊದಲ ಪ್ರಯೋಗಕ್ಕೆ ಮರ ಬೇಡವೆಂದು, ಅವಳೇ ಸಂತೆಯಿಂದ ಉದ್ದನೆಯ ಸೋರೆಕಾಯಿ ತಂದಳು. ಮಲ್ಲುವನ್ನು ಶೆಡ್ಡಿನ ಹೊರಗೆ ಕಿಟಕಿಯ ಹಿಂದೆ ಕೂರಿಸಿದೆವು. ಮೊದಲು ಗಾಳಿಯಲ್ಲಿ ಓಡಿಸಿದೆ, ಆಮೇಲೆ ಸೋರೆಕಾಯಿ ಕಟ್ಟಿದೆ. ಝೀರೋ ಎಲ್ಲಿದೆ ಎಂಬ ಸಾಲು ಪರದೆಯ ಮೇಲೆ ಬಂತು, ಯಂತ್ರ ನಿಂತು ಕಾದಿತು. ಆ ಸಾಲನ್ನು ಎರಡು ಸಲ ಓದಿ ಗುಂಡಿ ಒತ್ತಿದೆ. ಬಿಟ್ ಸಿಪ್ಪೆಯ ತನಕ ಇಳಿಯಿತು, ಸೋರೆಕಾಯಿ ತಿರುಗಿತು, ಹಸಿರು ಸಿಪ್ಪೆಯ ಮೇಲೆ ಬಿಳಿಯ ಸುತ್ತು ಮೂಡುತ್ತ ಹೋಯಿತು.

"ಅಕ್ಕಾ, ಬಂತೇನು?" ಕಿಟಕಿಯ ಆಚೆಯಿಂದ ಮಲ್ಲು.

"ಬಂತ್ರೀ," ಅಂದಳು ಶಾಂತಾ, ಕೆಂಪು ಗುಂಡಿಯಿಂದ ಕೈ ತೆಗೆಯದೆ. "ನೀರು ಚಿಮ್ಮಲಿಕತ್ತದ. ನೀವಲ್ಲೇ ಕುಂದ್ರಿ."

ಅಷ್ಟಾದರೂ ಆ ರಾತ್ರಿ ನಿದ್ದೆ ಬರಲಿಲ್ಲ. ಸೋರೆಕಾಯಿ ಸರಿಯಾಗಿ ಕೆತ್ತಿದ ಮಾತ್ರಕ್ಕೆ ಕಣ್ಣು ಬಂದಂತಾಗುವುದಿಲ್ಲ.

ಪಟ್ಟಿ ತೆಗೆದ ಮೇಲೂ ಬಲಗಣ್ಣಿಗೆ ಬಹಳ ದಿನ ಹೊಗೆಯಷ್ಟೇ ಕಾಣುತ್ತಿತ್ತು. ಮತ್ತೊಮ್ಮೆ ತಪಾಸಣೆಗೆ ಹೋದಾಗ ಡಾಕ್ಟರು ಎಡಗಣ್ಣು ಮುಚ್ಚಿಸಿ ಗೋಡೆಯ ಮೇಲಿನ ಅಕ್ಷರಗಳ ಪಟ್ಟಿ ತೋರಿಸಿದರು. ಮಲ್ಲು ದೊಡ್ಡ ಅಕ್ಷರ ಓದಿದ. ಅದರ ಕೆಳಗಿನ ಸಾಲು ಓದಿದ. ಇನ್ನೂ ಕೆಳಗಿನದರಲ್ಲಿ ತಡವರಿಸಿದ, ಆದರೆ ಓದಿದ. ಅವನು ಓದಿದ್ದು ಸರಿಯೇ ಎಂದು ಶಾಂತಾ ಹತ್ತಿರ ಹೋಗಿ ನೋಡಿದಳು. ಕನ್ನಡಕ ಹಾಕಿಕೊಂಡರೆ ಸಾಕು, ಕಣ್ಣು ಉಳಿಯಿತು ಅಂದರು ಡಾಕ್ಟರು.

ಮರಳಿ ಬರುವಾಗ ರೈಲಿನ ಕಿಟಕಿಯಲ್ಲಿ ಕೂತು, ಎಡಗಣ್ಣಿನ ಮೇಲೆ ಅಂಗೈ ಇಟ್ಟುಕೊಂಡು, ಕಂಡ ಕಂಡ ಫಲಕಗಳನ್ನೆಲ್ಲ ಗಟ್ಟಿಯಾಗಿ ಓದತೊಡಗಿದ. ಶಹಾಬಾದ್ ಸ್ಟೇಷನ್ನಿನ ಹೆಸರನ್ನು ಮೂರು ಭಾಷೆಯಲ್ಲೂ ಓದಿದ. ಎದುರು ಕೂತಿದ್ದ ಮುದುಕರೊಬ್ಬರು, "ಇವ್ರಿಗಿ ಏನಾಗೇದ್ರಿ ಯವ್ವಾ?" ಅಂತ ನನ್ನನ್ನು ಕೇಳಿದರು. "ಏನೂ ಆಗಿಲ್ರಿ," ಅಂದೆ.

ಆ ರಾತ್ರಿ ಹಾಸಿಗೆಯಲ್ಲಿ ಒರಗಿದ್ದಷ್ಟೇ ನೆನಪು. ಬಿಟ್ ಇಳಿಯಲಿಲ್ಲ, ನಾನು ಕೈ ಚಾಚಲಿಲ್ಲ. ಎಚ್ಚರವಾದಾಗ ಬಿಸಿಲು ಕಾಲಿನ ತನಕ ಬಂದಿತ್ತು, ಶಾಂತಾ ಬಾಗಿಲಲ್ಲಿ ನಿಂತು ಹೇಳುತ್ತಿದ್ದಳು:

"ಅಕ್ಕಾರ, ಏಳ್ರಿ. ಎರಡ್ಸಲ ಚಹಾ ಬಿಸಿ ಮಾಡೀನಿ."